ಕರುಣೆಯ ಏಳು ಕೆಲಸಗಳು

ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಉಡಲಿಲ್ಲದವರಿಗೆ ಬಟ್ಟೆ, ಪರಸ್ಥಳದಿಂದ ಬಂದವರಿಗೆ ಆಸರೆ, ರೋಗಿಗಳ ಆರೈಕೆ, ಸೆರೆಯಲ್ಲಿರುವವರ ಭೇಟಿ, ದಿಕ್ಕಿಲ್ಲದ ಹೆಣಕ್ಕೆ ಮಣ್ಣು. ಕ್ರೈಸ್ತ ಪರಂಪರೆ ಕರುಣಾಕಾರ್ಯಗಳೆಂದು ಎಣಿಸುವ ಏಳು ಕೆಲಸಗಳು ಇವು. ಮೊದಲ ಆರಕ್ಕೆ ಆಧಾರ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಕೊನೆಯ ದಿನ ಅರಸನು ಜನರನ್ನು ಎರಡು ಕಡೆಗೆ ನಿಲ್ಲಿಸುತ್ತಾನೆ ಎಂದು ಯೇಸು ಅಲ್ಲಿ ಹೇಳುತ್ತಾನೆ. ಆ ವಿಚಾರಣೆಯಲ್ಲಿ ಯಾರ ನಂಬಿಕೆಯ ಪಾಠವನ್ನೂ ಒಪ್ಪಿಸಿಕೊಳ್ಳುವುದಿಲ್ಲ. ಕೇಳುವುದು ಈ ಆರು ಕೆಲಸ ಮಾಡಿದಿರೋ ಇಲ್ಲವೋ ಎಂದಷ್ಟೆ. ಹಸಿದವನ ರೂಪದಲ್ಲಿ ಬಂದಿದ್ದವನು ಅರಸನೇ ಎಂಬುದು ಮಾಡಿದವರಿಗೂ ಗೊತ್ತಿರಲಿಲ್ಲ, ಮಾಡದವರಿಗೂ ಗೊತ್ತಿರಲಿಲ್ಲ. ಶಿಷ್ಯನಾದವನ ಗುರುತು ಕರುಣೆ ಎಂಬ ಮಾತಿಗೆ ಮುಂದಿನ ಎರಡು ಸಾವಿರ ವರ್ಷ ಮತ್ತೆಮತ್ತೆ ತೋರಿಸಿದ್ದು ಈ ಅಧ್ಯಾಯವನ್ನು.

ಏಳನೆಯ ಕೆಲಸ, ಅಂದರೆ ಶವಸಂಸ್ಕಾರ, ತೊಬೀತನ ಗ್ರಂಥದಿಂದ ಬಂದದ್ದು. ನಿನೆವೆಯಲ್ಲಿ ಸೆರೆಯಾಳಾಗಿದ್ದ ಯೆಹೂದ್ಯನೊಬ್ಬ ಅರಸನ ಸಿಟ್ಟನ್ನೂ ಲೆಕ್ಕಿಸದೆ ತನ್ನವರ ಹೆಣಗಳನ್ನು ಹೂಳುತ್ತಿದ್ದ ಕಥೆ ಅದರಲ್ಲಿದೆ. 4ನೇ ಶತಮಾನದ ಆರಂಭದಲ್ಲಿ ಲಕ್ಟಾಂಶಿಯಸ್ ಎಂಬ ಲ್ಯಾಟಿನ್ ಲೇಖಕ ಪರದೇಶಿಗಳನ್ನೂ ಬಡವರನ್ನೂ ಮಣ್ಣು ಮಾಡುವುದು ಧರ್ಮದ ದೊಡ್ಡ ಕರ್ತವ್ಯ ಎಂದು ವಾದಿಸಿದ. ಮಧ್ಯಯುಗದ ಹೊತ್ತಿಗೆ ಅದು ಪಟ್ಟಿಗೆ ಸೇರಿತು. ಕಥೋಲಿಕರು ಇದರ ಜೊತೆಗೆ ಏಳು ಆತ್ಮಿಕ ಕಾರ್ಯಗಳನ್ನೂ ಸೇರಿಸಿ ಹದಿನಾಲ್ಕು ಮಾಡಿಕೊಂಡರು. ತಿಳಿಯದವರಿಗೆ ಕಲಿಸುವುದು, ದುಃಖದಲ್ಲಿರುವವರನ್ನು ಸಂತೈಸುವುದು, ಅಪರಾಧವನ್ನು ಕ್ಷಮಿಸುವುದು ಇವುಗಳಲ್ಲಿ ಕೆಲವು.

ಇದೆಲ್ಲ ಕ್ರೈಸ್ತರೇ ಹುಟ್ಟಿಸಿದ್ದಲ್ಲ. ವಿಧವೆ, ಅನಾಥ, ಪರದೇಶಿ ಈ ಮೂವರ ಹೊಣೆ ಸಮುದಾಯದ್ದು ಎಂದು ಯೆಹೂದ್ಯ ಧರ್ಮಶಾಸ್ತ್ರ ಮೊದಲೇ ವಿಧಿಸಿತ್ತು. ಯೆಶಾಯನಂಥ ಪ್ರವಾದಿಗಳು ಹಸಿದವನಿಗೆ ರೊಟ್ಟಿ ಮುರಿದು ಕೊಡದ ಉಪವಾಸ ವ್ಯರ್ಥ ಎಂದು ಗದರಿದ್ದರು. ರೋಮ್ ಸಾಮ್ರಾಜ್ಯದ ರೀತಿ ಬೇರೆ. ಅಲ್ಲಿನ ಸಿರಿವಂತರು ಸ್ನಾನಗೃಹ ಕಟ್ಟಿಸಿದರು, ಆಟ ಏರ್ಪಡಿಸಿದರು, ಸರ್ಕಾರ ಧಾನ್ಯ ಹಂಚಿತು. ಆದರೆ ಅದು ಸಿಕ್ಕಿದ್ದು ಆ ನಗರದ ಪ್ರಜೆ ಎಂಬ ಹಕ್ಕಿನಿಂದ. ಪ್ರಜೆಯಲ್ಲದ ಬಡವ ಆ ಲೆಕ್ಕದಲ್ಲಿ ಇರಲಿಲ್ಲ. ಲೂಕನ ಸುವಾರ್ತೆಯ ಸಮಾರ್ಯದವನ ಸಾಮ್ಯ ಹೊಡೆಯುವುದು ಇಂಥ ಬೇಲಿಯನ್ನೇ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ನೋಡಿ ದಾಟಿಹೋಗುತ್ತಾರೆ. ಯೆಹೂದ್ಯರಿಗೆ ಆಗದ ಸಮಾರ್ಯದವನು ಗಾಯಕ್ಕೆ ಎಣ್ಣೆ ಹಚ್ಚಿ, ಛತ್ರಕ್ಕೆ ಕರೆದೊಯ್ದು, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎನ್ನುತ್ತಾನೆ. ಪ್ರವಚನಕಾರರು ಎಣ್ಣೆಯ ಬಗ್ಗೆ ಬೇಕಾದಷ್ಟು ಹೇಳಿದ್ದಾರೆ, ನಾಣ್ಯದ ಬಗ್ಗೆ ಕಡಿಮೆ. ಕರುಣೆಗೆ ಖರ್ಚಿದೆ, ಆ ಖರ್ಚನ್ನು ಯಾರಾದರೂ ವಹಿಸಿಕೊಳ್ಳಬೇಕು ಎಂಬ ಸಂಗತಿ ಈ ಚರಿತ್ರೆಯ ಉದ್ದಕ್ಕೂ ಬರುತ್ತದೆ.

ಯೆರೂಸಲೇಮಿನ ಮೊದಲ ಸಭೆಯಲ್ಲಿ ಎದ್ದ ತಕರಾರು ಕೂಡ ಹಂಚಿಕೆಯದೇ. ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಕಡಿಮೆ ಸಿಗುತ್ತಿದೆ ಎಂದು ಗೊಣಗಾಟ ಶುರುವಾದಾಗ ಏಳು ಮಂದಿಯನ್ನು ಆ ಕೆಲಸಕ್ಕೆಂದೇ ನೇಮಿಸಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಸಭಾಸೇವಕರ ಪದವಿಗೆ ಇದೇ ಮೂಲವೆಂದು ಪರಂಪರೆ ಎಣಿಸುತ್ತದೆ. 2ನೇ ಶತಮಾನದ ನಡುವೆ ರೋಮ್‌ನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯಲ್ಲಿ ಅನುಕೂಲವಿದ್ದವರು ಕೊಟ್ಟದ್ದನ್ನು ಸಭೆಯ ಹಿರಿಯನ ಬಳಿ ಇರಿಸಿ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ಇವರಿಗೆ ವಿನಿಯೋಗಿಸುವ ಕ್ರಮವನ್ನು ಬರೆದಿದ್ದಾನೆ. 251ರ ಸುಮಾರಿಗೆ ರೋಮ್‌ನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವೊಂದರ ಪ್ರಕಾರ ಆ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು. ಕಾನೂನಿನ ರಕ್ಷಣೆಯಿಲ್ಲದ, ಆಗಾಗ ಹಿಂಸೆಗೆ ಗುರಿಯಾಗುತ್ತಿದ್ದ ಒಂದು ಗುಂಪಿನ ಮಟ್ಟಿಗೆ ಇದು ಸಣ್ಣ ಸಂಖ್ಯೆಯಲ್ಲ.

ಅದೇ ಕಾಲದಲ್ಲಿ ಸಾಮ್ರಾಜ್ಯದ ಉದ್ದಗಲಕ್ಕೂ ಪಿಡುಗೊಂದು ಹಬ್ಬಿತು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದನ್ನು ವರ್ಣಿಸಿ ಬರೆದದ್ದರಿಂದ ಇತಿಹಾಸದಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ. ಜನ ತಮ್ಮ ಮನೆಯ ರೋಗಿಗಳನ್ನೇ ಬೀದಿಗೆ ಹಾಕಿ ಓಡುತ್ತಿದ್ದಾಗ ಕ್ರೈಸ್ತರು ನಿಂತು ಆರೈಕೆ ಮಾಡಿದರು, ಹಾಗೆ ಮಾಡಿ ತಾವೂ ಸತ್ತರು ಎಂದು ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್ ಬರೆದಿದ್ದಾನೆ. ತಮ್ಮವರ ಬಗ್ಗೆ ತಮ್ಮವರೇ ಬರೆದ ಮಾತಿಗೆ ತುಸು ಸೋಡಿ ಬಿಡಬೇಕು. ಆದರೆ ವಿರೋಧಿಯ ಸಾಕ್ಷಿಯೂ ಇದೆ. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟ ಚಕ್ರವರ್ತಿ ಜೂಲಿಯನ್ 361ರಿಂದ 363ರವರೆಗೆ ಆಳಿದ. ಅವನ ಹೆಸರಿನಲ್ಲಿ ಉಳಿದಿರುವ, ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದ ಪತ್ರದಲ್ಲಿ ಅಸಮಾಧಾನ ಎದ್ದು ಕಾಣುತ್ತದೆ: ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಂದ ನಮ್ಮವರಿಗೆ ಏನೂ ಸಿಗುತ್ತಿಲ್ಲ, ಇದು ನಾಚಿಕೆಗೇಡು ಎಂಬ ಧಾಟಿ. ಊರೂರಿಗೆ ಛತ್ರ ಕಟ್ಟಿಸಬೇಕು, ಸರ್ಕಾರ ಕೊಡುವ ಗೋಧಿ ಮತ್ತು ದ್ರಾಕ್ಷಾರಸದಲ್ಲಿ ಐದನೇ ಒಂದು ಪಾಲನ್ನು ಅರ್ಚಕರ ಸೇವೆಯಲ್ಲಿರುವ ಬಡವರಿಗೆ ಕೊಟ್ಟು ಉಳಿದದ್ದನ್ನು ಪರಸ್ಥಳದವರಿಗೂ ಭಿಕ್ಷುಕರಿಗೂ ಹಂಚಬೇಕು ಎಂಬ ಆಜ್ಞೆಯೂ ಅದರಲ್ಲಿದೆ. ಎದುರಾಳಿಯ ಕರುಣೆಯನ್ನು ಆಡಳಿತದ ಸವಾಲೆಂದು ಕಂಡ ದೊರೆ ಅವನು.

ಜೂಲಿಯನ್ ಯೋಜಿಸಿದಂಥದ್ದನ್ನು ಕಟ್ಟಿ ತೋರಿಸಿದವನು ಅವನ ಸಮಕಾಲೀನ ಬಾಸಿಲ್. ಇಂದಿನ ತುರ್ಕಿಯ ಕೈಸೇರಿ ಅಂದು ಕಪ್ಪದೋಕ್ಯ ಪ್ರಾಂತದ ಕೈಸರೈಯ. 369ರ ಸುಮಾರಿಗೆ ಅಲ್ಲಿ ಭೀಕರ ಬರ ಬಂತು. ಧಾನ್ಯವನ್ನು ಕಣಜದಲ್ಲಿ ಬಚ್ಚಿಟ್ಟು ಬೆಲೆ ಏರುವುದನ್ನು ಕಾಯುತ್ತಿದ್ದ ಸಿರಿವಂತರ ಮೇಲೆ ಬಾಸಿಲ್ ಹರಿಹಾಯ್ದು ಪ್ರವಚನ ಮಾಡಿದ. ಬೀರುವಿನಲ್ಲಿ ಕೊಳೆಯುವ ಅಂಗಿ ಬಟ್ಟೆಯಿಲ್ಲದವನದು, ಅದನ್ನು ಕೊಡದಿರುವುದು ಕದ್ದಂತೆ ಎಂಬುದು ಅವನ ವಾದದ ಸಾರ. ಕಣಜಗಳು ತೆರೆದವು, ಅವನೇ ಮುಂದೆ ನಿಂತು ಗಂಜಿ ಬಡಿಸಿದ. ಬಿಷಪ್ ಆದ ಮೇಲೆ, 370ರ ದಶಕದ ಆರಂಭದಲ್ಲಿ, ಊರ ಹೊರಗೆ ಒಂದು ದೊಡ್ಡ ಸಂಕೀರ್ಣ ಕಟ್ಟಿಸಿದ. ಪ್ರಯಾಣಿಕರಿಗೆ ತಂಗುದಾಣ, ರೋಗಿಗಳಿಗೆ ವೈದ್ಯರು ಮತ್ತು ದಾದಿಗಳು, ಕುಷ್ಠರೋಗಿಗಳಿಗೆ ವಸತಿ, ಕಸುಬು ಮಾಡುವವರಿಗೆ ಕೆಲಸದ ಕೋಣೆಗಳು ಅಲ್ಲಿದ್ದವು. ಮುಂದೆ ಅದಕ್ಕೆ ಬಾಸಿಲಿಯಾದ್ ಎಂದೇ ಹೆಸರಾಯಿತು. ಇಷ್ಟು ಆಸ್ತಿ ಯಾಕೆ ಎಂದು ಆಕ್ಷೇಪಿಸಿದವರಿದ್ದರು, ಪ್ರಾಂತಾಧಿಕಾರಿಗೆ ದೂರು ಹೋಗಿ ಬಾಸಿಲ್ ಪತ್ರ ಬರೆದು ಸಮರ್ಥಿಸಿಕೊಳ್ಳಬೇಕಾಯಿತು. ಅವನ ಗೆಳೆಯ ನಜಿಯಾಂಜದ ಗ್ರೆಗೊರಿ ಶ್ರದ್ಧಾಂಜಲಿಯ ಭಾಷಣದಲ್ಲಿ ಅದನ್ನು ಒಂದು ಹೊಸ ನಗರ ಎಂದೇ ಕರೆದ. ಕುಷ್ಠರೋಗಿಗಳನ್ನು ಬಾಸಿಲ್ ಅಪ್ಪಿಕೊಳ್ಳುತ್ತಿದ್ದನೆಂಬ ವಿವರವೂ ಆ ಭಾಷಣದ್ದೇ.

ರೋಮ್‌ನಲ್ಲಿ ಇಂಥ ಕೆಲಸ ಆರಂಭಿಸಿದವಳು ಫಾಬಿಯೋಲ ಎಂಬ ಉನ್ನತ ಕುಲದ ಹೆಂಗಸು. ದುರ್ನಡತೆಯ ಗಂಡನನ್ನು ಬಿಟ್ಟು ಮರುಮದುವೆಯಾದಳೆಂದು ಸಭೆ ಅವಳನ್ನು ದೂರ ಇಟ್ಟಿತ್ತು. ಎರಡನೆಯ ಗಂಡ ತೀರಿಕೊಂಡ ಮೇಲೆ ಅವಳು ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡು, ಆಸ್ತಿ ಮಾರಿ, ರೋಗಿಗಳಿಗಾಗಿ ಆಸ್ಪತ್ರೆ ತೆರೆದಳು. 399ರಲ್ಲಿ ಅವಳು ತೀರಿಕೊಂಡಾಗ ಕ್ರೈಸ್ತ ವಿದ್ವಾಂಸ ಜೆರೋಮ್ ಬರೆದ ಪತ್ರದಲ್ಲಿ, ಬೇರೆಯವರು ನೋಡಲೂ ಹೇಸುವ ಹುಣ್ಣುಗಳನ್ನು ಅವಳು ಕೈಯಾರೆ ತೊಳೆಯುತ್ತಿದ್ದಳೆಂದಿದೆ.

ಪಶ್ಚಿಮದಲ್ಲಿ ಸಾಮ್ರಾಜ್ಯ ಕುಸಿದ ಮೇಲೆ ಈ ಹೊಣೆ ಬಿಷಪ್ಪರ ಮತ್ತು ಮಠಗಳ ಮೇಲೆ ಬಿತ್ತು. 6ನೇ ಶತಮಾನದ ಬೆನೆಡಿಕ್ಟನ ಮಠನಿಯಮ, ಬಂದ ಅತಿಥಿಯನ್ನು ಕ್ರಿಸ್ತನೇ ಬಂದಂತೆ ಬರಮಾಡಿಕೊಳ್ಳಬೇಕೆಂದು ವಿಧಿಸಿತು. ಸಿರಿವಂತರಿಗೆ ಅವರ ದರ್ಪವೇ ಗೌರವ ಗಿಟ್ಟಿಸಿಕೊಡುತ್ತದೆ, ಬಡವರ ಕಡೆಗೇ ಹೆಚ್ಚಿನ ಗಮನ ಬೇಕು ಎಂಬ ಜಾಣ ಮಾತನ್ನೂ ಸೇರಿಸಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1136ರಲ್ಲಿ ಸ್ಥಾಪನೆಯಾದ ಪಾಂಟೊಕ್ರೇಟರ್ ಮಠದ ಆಸ್ಪತ್ರೆಗೆ 50 ಹಾಸಿಗೆ, ವಿಭಾಗವಾರು ವೈದ್ಯರು ಎಲ್ಲ ನಿಗದಿಯಾಗಿತ್ತು. ಯೆರೂಸಲೇಮಿನಲ್ಲಿ ಯಾತ್ರಿಕರಿಗಾಗಿ ನಡೆಯುತ್ತಿದ್ದ ಸಂತ ಯೋಹಾನನ ಆಸ್ಪತ್ರೆಯ ಬಳಗಕ್ಕೆ 1113ರಲ್ಲಿ ಪೋಪ್ ಮನ್ನಣೆ ಕೊಟ್ಟ. ರೋಗಿಗಳನ್ನು ಒಡೆಯರೆಂದು ಕರೆದು, ತಮ್ಮನ್ನು ಅವರ ಆಳುಗಳೆಂದು ಭಾವಿಸಬೇಕು ಎಂಬುದು ಆ ಬಳಗದ ನಿಯಮ. ಅದೇ ಬಳಗ ಕೆಲವೇ ದಶಕಗಳಲ್ಲಿ ಕತ್ತಿ ಹಿಡಿದ ಯೋಧರ ಪಂಗಡವೂ ಆಯಿತು. ಒಂದೇ ಮೇಲಂಗಿಯವರು ಹಗಲು ಯುದ್ಧ ಮಾಡಿ ಅದೇ ಊರಿನಲ್ಲಿ ರೋಗಿಗಳ ಕಾಲು ತೊಳೆಯುವುದು ಆ ಕಾಲಕ್ಕೆ ವಿಚಿತ್ರವಾಗಿ ಕಾಣಲಿಲ್ಲ.

12 ಮತ್ತು 13ನೇ ಶತಮಾನಗಳಲ್ಲಿ ಯೂರೋಪಿನ ಪಟ್ಟಣಗಳು ಬೆಳೆದವು, ವ್ಯಾಪಾರದ ಹಣ ಬಂತು, ಅದರ ಜೊತೆ ಪಟ್ಟಣದ ಬಡತನವೂ ಬಂತು. ಕರುಣಾಕಾರ್ಯ ಪಾದ್ರಿಗಳ ಕೈಯಿಂದ ಸಾಮಾನ್ಯ ಗೃಹಸ್ಥರ ಕೈಗೆ ಬಂದದ್ದು ಈ ಘಟ್ಟದಲ್ಲಿ. ಅಸ್ಸೀಸಿಯ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ 1226ರಲ್ಲಿ ಸಾಯುವ ಮುಂಚೆ ಬರೆಸಿದ ಉಯಿಲಿನಲ್ಲಿ, ತನ್ನ ಬದುಕು ತಿರುಗಿದ್ದು ಕುಷ್ಠರೋಗಿಗಳ ನಡುವೆ ಹೋದಾಗ ಎಂದು ನೆನೆದಿದ್ದಾನೆ. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸುವುದಕ್ಕೆಂದೇ ಎರಡು ಸಂನ್ಯಾಸಿ ಬಳಗಗಳು ಹುಟ್ಟಿದವು: 1198ರಲ್ಲಿ ಮಾನ್ಯತೆ ಪಡೆದ ತ್ರಿತ್ವದವರು, 1218ರಲ್ಲಿ ಬಾರ್ಸಿಲೋನದಲ್ಲಿ ಪೇತ್ರ ನೊಲಾಸ್ಕೊ ಆರಂಭಿಸಿದ ಮರ್ಸಿಡೇರಿಯನ್ನರು. ಅಗತ್ಯ ಬಿದ್ದರೆ ಸೆರೆಯಾಳಿನ ಬದಲಿಗೆ ತಾವೇ ಒತ್ತೆಯಾಗಿ ಉಳಿಯುತ್ತೇವೆ ಎಂಬುದು ಮರ್ಸಿಡೇರಿಯನ್ನರ ನಾಲ್ಕನೆಯ ವ್ರತ. ಅಲ್ಜೀರ್ಸ್‌ನಲ್ಲಿ ಐದು ವರ್ಷ ಸೆರೆಯಲ್ಲಿದ್ದ ಸ್ಪೇನಿನ ಸೈನಿಕ ಸೆರ್ವಾಂಟೆಸ್‌ನನ್ನು 1580ರಲ್ಲಿ ಹಣ ತೆತ್ತು ಬಿಡಿಸಿ ತಂದವರು ತ್ರಿತ್ವದವರು. 'ಡಾನ್ ಕ್ವಿಕ್ಸೋಟ್' ಬರೆಯಲು ಅವನು ಉಳಿದದ್ದು ಹೀಗೆ.

ಇಟಲಿಯ ಊರುಗಳಲ್ಲಿ ಗೃಹಸ್ಥರು ಕೂಡಿಕೊಂಡು ಸಹೋದರ ಸಂಘಗಳನ್ನು ಕಟ್ಟಿದರು. ಫ್ಲಾರೆನ್ಸಿನ ಮಿಸೆರಿಕೋರ್ದಿಯ ಸಂಘ ತಾನು 1244ರಲ್ಲಿ ಹುಟ್ಟಿದ್ದೆಂದು ಹೇಳಿಕೊಳ್ಳುತ್ತದೆ. ಅದರ ಸದಸ್ಯರು ಮುಖ ಮುಚ್ಚುವ ಕಪ್ಪು ನಿಲುವಂಗಿ ತೊಟ್ಟು ರೋಗಿಗಳನ್ನೂ ಹೆಣಗಳನ್ನೂ ಹೊರುತ್ತಿದ್ದರು. ಹೊತ್ತವನು ಯಾರೆಂದು ಊರಿಗೆ ತಿಳಿಯಬಾರದು ಎಂಬುದು ಆ ಮುಸುಕಿನ ಉದ್ದೇಶ. ಇಂದಿಗೂ ಆ ಸಂಘದ ಆಂಬುಲೆನ್ಸ್‌ಗಳು ಫ್ಲಾರೆನ್ಸಿನಲ್ಲಿ ಓಡಾಡುತ್ತವೆ. ಅದೇ ಊರಿನ ರೇಷ್ಮೆ ವರ್ತಕರ ಸಂಘ ಬಿಟ್ಟುಹೋದ ಮಕ್ಕಳಿಗಾಗಿ ಕಟ್ಟಿಸಿದ ಇನ್ನೊಸೆಂಟಿ ಆಶ್ರಯಾಲಯ 1445ರಲ್ಲಿ ತೆರೆಯಿತು. ಕಟ್ಟಡದ ವಿನ್ಯಾಸ ಬ್ರುನೆಲೆಸ್ಕಿಯದು. ನೇಪಲ್ಸ್‌ನಲ್ಲಿ 1602ರಲ್ಲಿ ಏಳು ಮಂದಿ ಶ್ರೀಮಂತ ಯುವಕರು ಸ್ಥಾಪಿಸಿದ ಸಂಘ 1607ರಲ್ಲಿ ಕಾರವಾಜೊನಿಂದ ಏಳು ಕರುಣಾಕಾರ್ಯಗಳ ಚಿತ್ರ ಬರೆಸಿತು. ಏಳನ್ನೂ ಒಂದೇ ಕತ್ತಲ ಗಲ್ಲಿಯಲ್ಲಿ ಇಕ್ಕಟ್ಟಾಗಿ ತುಂಬಿದ ಆ ಚಿತ್ರ ಈಗಲೂ ಅದೇ ಸಂಘದ ಗುಡಿಯಲ್ಲಿದೆ. ಅದರಲ್ಲಿ ಸತ್ತವನ ಪಾದಗಳು ಮಾತ್ರ ಕಾಣುತ್ತವೆ.

ಈ ಬೆಳವಣಿಗೆಗೆ ಹುಳುಕೂ ಇತ್ತು. ಆಸ್ಪತ್ರೆಗಳಿಗೆ ಬಂದ ದತ್ತಿಯನ್ನು ಮೇಲ್ವಿಚಾರಕರೇ ನುಂಗುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1311-12ರಲ್ಲಿ ಚರ್ಚಿನ ವಿಯೆನ್ ಮಹಾಸಭೆ ಆಸ್ಪತ್ರೆಗಳನ್ನು ಪಾದ್ರಿಗಳಿಗೆ ಉಂಬಳಿಯಾಗಿ ಕೊಡಕೂಡದು, ನೋಡಿಕೊಳ್ಳುವವರು ವರ್ಷವರ್ಷ ಲೆಕ್ಕ ಒಪ್ಪಿಸಬೇಕು ಎಂದು ಕಟ್ಟಳೆ ಮಾಡಬೇಕಾಯಿತು. ಬಡವರಿಗೆ ಒಡವೆ ಅಡವಿಟ್ಟುಕೊಂಡು ಅಲ್ಪ ಬಡ್ಡಿಗೆ ಸಾಲ ಕೊಡುವ ಮಾಂಟಿ ದಿ ಪಿಯೆತಾ ಎಂಬ ಸಂಸ್ಥೆಗಳು 1462ರಲ್ಲಿ ಪೆರೂಜದಿಂದ ಹಬ್ಬಿದವು. ಯೋಜನೆ ಒಳ್ಳೆಯದೇ. ಆದರೆ ಅದರ ಪ್ರಚಾರಕ್ಕೆ ಊರೂರು ತಿರುಗಿದ ಫ್ರಾನ್ಸಿಸ್ಕನ್ ಪ್ರವಚನಕಾರರಲ್ಲಿ ಕೆಲವರು, ಫೆಲ್ತ್ರೆಯ ಬೆರ್ನಾರ್ದಿನೊ ಅವರಲ್ಲಿ ಮುಖ್ಯ, ಸಾಲ ಕೊಡುತ್ತಿದ್ದ ಯೆಹೂದ್ಯರ ಮೇಲೆ ದ್ವೇಷ ಕೆರಳಿಸಿದರು. ಸಮಾರ್ಯದವನ ಸಾಮ್ಯವನ್ನು ಬಾಯಿಪಾಠ ಹೇಳುತ್ತಿದ್ದವರೇ ನೆರೆಯವನು ಯಾರೆಂಬ ಪ್ರಶ್ನೆಯಲ್ಲಿ ಎಡವಿದರು.

ಇಟಲಿಯ ಸಹೋದರ ಸಂಘಗಳ ಮಾದರಿ ಕರ್ನಾಟಕದ ನೆರೆಗೆ ಬಂದದ್ದು ಪೋರ್ಚುಗಲ್ ಮೂಲಕ. 1498ರ ಆಗಸ್ಟ್‌ನಲ್ಲಿ, ವಾಸ್ಕೊ ಡ ಗಾಮನ ಹಡಗುಗಳು ಇನ್ನೂ ಕೇರಳದ ಕಡಲಲ್ಲಿದ್ದಾಗ, ಲಿಸ್ಬನ್‌ನಲ್ಲಿ ವಿಧವೆ ರಾಣಿ ಲಿಯೊನೋರ್ ಮಿಸೆರಿಕೋರ್ದಿಯ ಸಂಘವನ್ನು ಸ್ಥಾಪಿಸಿದಳು. ಹದಿನಾಲ್ಕು ಕರುಣಾಕಾರ್ಯಗಳನ್ನು ನಡೆಸುವುದೇ ಅದರ ಕಟ್ಟಳೆ. ಸೆರೆಮನೆಗೆ ಊಟ ಒಯ್ಯುವುದು, ಬಡ ಕೈದಿಗಳ ಪರ ವ್ಯಾಜ್ಯ ನಡೆಸುವುದು, ಗಲ್ಲಿಗೆ ಹೋಗುವವನ ಜೊತೆ ಕಡೆಯತನಕ ನಡೆಯುವುದು, ನೇತಾಡಿ ಉಳಿದ ಮೂಳೆಗಳನ್ನು ಸಕಲ ಸಂತರ ಹಬ್ಬದಂದು ಆಯ್ದು ತಂದು ಹೂಳುವುದು, ಅನಾಥ ಹುಡುಗಿಯರ ಮದುವೆಗೆ ವರದಕ್ಷಿಣೆ ಒದಗಿಸುವುದು ಹೀಗೆ ಕೆಲಸಗಳು ಬೆಳೆದವು. ಅರಸನ ಬೆಂಬಲದಿಂದ ಸಂಘ ಪೋರ್ಚುಗೀಸರು ಹೋದಲ್ಲೆಲ್ಲ ಹೋಯಿತು: ಗೋವ, ಕೊಚ್ಚಿ, ಮಕಾವ್, ಬ್ರೆಜಿಲಿನ ಬಂದರುಗಳು, ಜಪಾನಿನ ನಾಗಸಾಕಿಯವರೆಗೂ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಸಾಯುವ ಪೋರ್ಚುಗೀಸನಿಗೆ ತನ್ನ ಉಯಿಲನ್ನು ನಂಬಿ ಒಪ್ಪಿಸಲು ಇದ್ದ ಜಾಗ ಇದು. ಗೋವದಲ್ಲಿ ಬರೆದ ಉಯಿಲಿನ ಹಣ ಲಿಸ್ಬನ್‌ನ ವಾರಸುದಾರನ ಕೈ ಸೇರುವುದು ಒಂದು ಊರಿನ ಸಂಘದಿಂದ ಇನ್ನೊಂದು ಊರಿನ ಸಂಘಕ್ಕೆ ಹೋಗುವ ಕಾಗದದ ಮೇಲೆ ನಿಂತಿತ್ತು.

ಗೋವದ ಸಂಘ ಆಸ್ಪತ್ರೆ ನಡೆಸಿತು, 1600ರ ಆಸುಪಾಸಿನಲ್ಲಿ ಅನಾಥ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಆಶ್ರಯಾಲಯ ನೋಡಿಕೊಂಡಿತು. ಅಲ್ಲಿನ ರಾಜ ಆಸ್ಪತ್ರೆಯಲ್ಲಿ 1608ರಲ್ಲಿ ಚಿಕಿತ್ಸೆ ಪಡೆದ ಫ್ರೆಂಚ್ ಪ್ರಯಾಣಿಕ ಪಿರಾರ್, ಚೀನಾದ ಪಿಂಗಾಣಿ ಮತ್ತು ಬೆಳ್ಳಿಯ ಪಾತ್ರೆಗಳಲ್ಲಿ ಊಟ ಬರುತ್ತಿತ್ತೆಂದು ಬೆರಗಾಗಿ ಬರೆದಿದ್ದಾನೆ. ಆದರೆ ಆ ಆಸ್ಪತ್ರೆ ಇದ್ದದ್ದು ಯೂರೋಪಿನಿಂದ ಬಂದ ಸೈನಿಕರಿಗೆ, ಸ್ಥಳೀಯರಿಗಲ್ಲ. ಲಿಸ್ಬನ್ ಸಂಘದ 1618ರ ಕಟ್ಟಳೆ ಸದಸ್ಯರ ವಂಶದಲ್ಲಿ ಯೆಹೂದ್ಯರ ಅಥವಾ ಮೂರ್ ಮುಸ್ಲಿಮರ ರಕ್ತ ಇರಕೂಡದೆಂದು ವಿಧಿಸಿತ್ತು. ಸದಸ್ಯರಲ್ಲೂ ಕುಲೀನರು ಮತ್ತು ಕಸುಬುದಾರರು ಎಂಬ ಎರಡು ಪಂಕ್ತಿ ಇತ್ತು. ಅದೇ ಗೋವದಲ್ಲಿ 1560ರಿಂದ ಧರ್ಮದ್ರೋಹವನ್ನು ವಿಚಾರಿಸುವ ಇನ್‌ಕ್ವಿಸಿಷನ್ ನ್ಯಾಯಾಲಯ ನಡೆಯುತ್ತಿತ್ತು, ಸಂತೆಯಲ್ಲಿ ಗುಲಾಮರ ಮಾರಾಟ ನಡೆಯುತ್ತಿತ್ತು. ಸಂಘದ ಕರುಣೆ ನಿಜವಾಗಿತ್ತು, ಸಾಮ್ರಾಜ್ಯ ಎಳೆದ ಗೆರೆಯನ್ನು ಅದು ದಾಟಲಿಲ್ಲ.

ಇತ್ತ ಯೂರೋಪಿನಲ್ಲಿ ಪ್ರೊಟೆಸ್ಟೆಂಟ್ ಪಂಥಕ್ಕೆ ಬುನಾದಿ ಹಾಕಿದ ಮಾರ್ಟಿನ್ ಲೂಥರ್ ಬುಡದ ಪ್ರಶ್ನೆಯನ್ನೇ ಎತ್ತಿದ್ದ. ದಾನಧರ್ಮದಿಂದ ಪಾಪ ತೊಳೆದು ಸ್ವರ್ಗ ಸಂಪಾದಿಸಬಹುದು ಎಂಬ ಲೆಕ್ಕಾಚಾರ ಸುಳ್ಳು, ರಕ್ಷಣೆ ದೇವರ ಕೃಪೆಯಿಂದ, ನೆರೆಯವನ ಸೇವೆ ಆ ಕೃಪೆ ಪಡೆದವನಲ್ಲಿ ತಾನಾಗಿ ಹುಟ್ಟಬೇಕಾದದ್ದು ಎಂದು ಅವನು ವಾದಿಸಿದ. 1523ರಲ್ಲಿ ಜರ್ಮನಿಯ ಲೈಸ್ನಿಗ್ ಎಂಬ ಸಣ್ಣ ಪಟ್ಟಣ ಅವನ ಸಲಹೆಯಂತೆ ಚರ್ಚಿನ ವರಮಾನವನ್ನೆಲ್ಲ ಒಂದು ಸಾಮೂಹಿಕ ಪೆಟ್ಟಿಗೆಗೆ ಸೇರಿಸಿ, ಭಿಕ್ಷೆಯನ್ನು ನಿಷೇಧಿಸಿ, ಬಡವರಿಗೆ ಅದರಿಂದಲೇ ಕೊಡುವ ಏರ್ಪಾಡು ಮಾಡಿತು. ಕಥೋಲಿಕನಾಗಿಯೇ ಉಳಿದ ವಿದ್ವಾಂಸ ವಿವೆಸ್ 1526ರಲ್ಲಿ ಬ್ರೂಜ್ ಪಟ್ಟಣಕ್ಕಾಗಿ ಬರೆದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ. ತತ್ತ್ವದಲ್ಲಿ ಜಗಳವಾಡುತ್ತಿದ್ದ ಎರಡು ಬಣಗಳು ಆಡಳಿತದಲ್ಲಿ ಒಂದೇ ದಾರಿ ಹಿಡಿದವು. ದುಡಿಯಬಲ್ಲ ಬಡವ ಯಾರು, ದುಡಿಯಲಾರದವ ಯಾರು ಎಂದು ಜರಡಿ ಹಿಡಿಯುವುದು ಆಗ ಬಿಗಿಯಾಯಿತು. ಕ್ರಮ ಬಂತು, ಜೊತೆಗೆ ಕಾಠಿಣ್ಯವೂ ಬಂತು. ಫ್ರಾನ್ಸಿನಲ್ಲಿ ಆ ಕಾಠಿಣ್ಯಕ್ಕೆ ಇನ್ನೊಂದು ಬಗೆಯ ಉತ್ತರ ಕೊಟ್ಟವರು ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಯಾಕ್. 1633ರಲ್ಲಿ ಅವರು ಆರಂಭಿಸಿದ ಬಳಗದ ಹೆಂಗಸರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗಿಯರು. ಅದುವರೆಗೆ ಸಂನ್ಯಾಸಿನಿಯೆಂದರೆ ಮಠದ ಗೋಡೆಯೊಳಗೆ ಇರಬೇಕಾದವಳು. ಇವರು ಗಂಜಿಪಾತ್ರೆ ಹಿಡಿದು ರೋಗಿಗಳ ಮನೆಬಾಗಿಲಿಗೇ ಹೋದರು.

ಪ್ರೊಟೆಸ್ಟೆಂಟರಲ್ಲಿ ಇಂಥ ಹೆಂಗಸರ ಬಳಗ ಕಾಣಿಸಿಕೊಳ್ಳಲು ಇನ್ನೆರಡು ಶತಮಾನ ಹಿಡಿಯಿತು. 1836ರಲ್ಲಿ ಪಾದ್ರಿ ಫ್ಲೀಡ್ನರ್ ಮತ್ತು ಅವನ ಹೆಂಡತಿ ಜರ್ಮನಿಯ ಕೈಸರ್ಸ್‌ವರ್ಟ್‌ನಲ್ಲಿ ಶುಶ್ರೂಷಕಿಯರ ತರಬೇತಿ ಆರಂಭಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಕೆಲವು ತಿಂಗಳು ಕಲಿತದ್ದು ಅಲ್ಲಿ.

ಕನ್ನಡ ನಾಡಿಗೆ ಈ ಪರಂಪರೆ ದೊಡ್ಡದಾಗಿ ಬಂದದ್ದು 19ನೇ ಶತಮಾನದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರಿಗೆ ಎದುರಾದದ್ದು ವಿಶಿಷ್ಟ ಸಮಸ್ಯೆ. ಮತಾಂತರಗೊಂಡವರನ್ನು ಜಾತಿ ಹೊರಗೆ ಹಾಕುತ್ತಿತ್ತು, ಗೇಣಿಯೂ ಕಸುಬೂ ಹೋಗುತ್ತಿದ್ದವು. ಅವರಿಗೆ ಭಿಕ್ಷೆ ಹಾಕುವ ಬದಲು ಮಿಷನ್ ನೇಯ್ಗೆ, ಮುದ್ರಣ, 1865ರಿಂದ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಮಾಡುಗಳ ಮೇಲೆ ಮಂಗಳೂರು ಹೆಂಚು ಬಂದದ್ದು ಈ ದಾರಿಯಿಂದ. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆ ಆರಂಭಿಸಿದರು. ಮೈಸೂರಿನಲ್ಲಿ 1906ರಲ್ಲಿ ಮೆಥಡಿಸ್ಟರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ತೆರೆದ ಆಸ್ಪತ್ರೆ ಹೆಂಗಸರು ಮತ್ತು ಮಕ್ಕಳ ಚಿಕಿತ್ಸೆಗೆ ಹೆಸರಾದವು. ಪುರುಷ ವೈದ್ಯರ ಮುಂದೆ ಹೋಗಲು ಹಿಂಜರಿಯುತ್ತಿದ್ದ ಗರ್ಭಿಣಿಯರಿಗೆ ಇವು ಒದಗಿದವು. ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆ ಎಂಬ ಟೀಕೆ ಆಗಿನಿಂದಲೂ ಇದೆ. ಮಿಷನರಿಗಳು ಆ ಉದ್ದೇಶವನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಈ ಆಸ್ಪತ್ರೆಗಳ ವಾರ್ಡುಗಳಲ್ಲಿ ಮಲಗಿದವರಲ್ಲಿ ಬಹುಪಾಲು ಜನ ಬಂದ ಧರ್ಮದಲ್ಲೇ ಗುಣವಾಗಿ ಮನೆಗೆ ಮರಳಿದರು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಇವೆಲ್ಲಕ್ಕಿಂತ ಚಿಕ್ಕದಾಗಿ ಆರಂಭವಾದದ್ದು ಮಂಗಳೂರಿನ ಕಂಕನಾಡಿಯ ಆಸ್ಪತ್ರೆ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಪಾದ್ರಿಗಳ ಪೈಕಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬ. ಹೋಮಿಯೋಪಥಿ ಬಲ್ಲ ಅವನು 1880ರಲ್ಲಿ ಆಲದ ಮರದಡಿ ಬಡವರಿಗೆ ಔಷಧ ಕೊಡತೊಡಗಿದ. ಔಷಧ ಮಾರಿ ಬಂದ ಹಣವನ್ನೂ ದಾನವನ್ನೂ ಕೂಡಿಸಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದ, ಬಡವರ ಆಸ್ಪತ್ರೆ ಕಟ್ಟಿದ, ಊರಿಗೆ ಪ್ಲೇಗ್ ಬಂದಾಗ ಅದಕ್ಕೂ ಬೇರೆ ಏರ್ಪಾಡು ಮಾಡಿದ. ಬಾಸಿಲ್ ಊರ ಹೊರಗೆ ಒಂದೇ ಆವರಣದಲ್ಲಿ ಇಟ್ಟಿದ್ದ ಅದೇ ಬಗೆಯ ರೋಗಿಗಳು ಇಲ್ಲಿಯೂ ಇದ್ದರು. 1910ರಲ್ಲಿ ಮುಲ್ಲರ್ ಮಂಗಳೂರಿನಲ್ಲೇ ತೀರಿಕೊಂಡ. ಅವನ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಶುರುವಾದವು. ಇಂದು ಅದನ್ನು ನಡೆಸುತ್ತಿರುವುದು ಮಂಗಳೂರು ಧರ್ಮಪ್ರಾಂತ.